ಅಕ್ಕಿಕಾಳಿನಷ್ಟು ಗುರುತು

"ನಾಟಕಕ್ಕಾ?"

ಅವನು ಅವಳಿಗೆ ಹೇಳಿದ ಮೊದಲ ಮಾತು ಇದು. ತಲೆಯನ್ನೂ ಎತ್ತಿರಲಿಲ್ಲ. ಮೇಜಿನ ಮೇಲೆ ಬಗ್ಗಿ ಏನನ್ನೋ ಅರದಿಂದ ಉಜ್ಜುತ್ತಿದ್ದ.

"ಅಲ್ಲ," ಎಂದಳು ಅವಳು. ಅವನ ಎರಕದ ಅಂಗಡಿಯ ಕಪಾಟಿನಿಂದ ತೆಗೆದ ನೀಲಿ ಪ್ಲಾಸ್ಟಿಕ್ ಪಿಸ್ತೂಲು ಅವಳ ಕೈಯಲ್ಲಿತ್ತು.

"ಹಾಗಾದ್ರೆ ಮಕ್ಕಳಿಗಾ? ಆಟದ ಸಾಮಾನು ಹಿಂದಿನ ಬೀದೀಲಿ ಸಿಗುತ್ತೆ."

"ಹೊಲಿಯೋಕೆ ಬೇಕಿತ್ತು."

ಅರ ನಿಂತಿತು. ಈಗ ತಲೆ ಎತ್ತಿದ. ಹುಬ್ಬಿನ ಮೇಲೆ ಲೋಹದ ಪುಡಿ ಕೂತು ಮಿನುಗುತ್ತಿತ್ತು. "ಪಿಸ್ತೂಲು ಹೊಲೀತೀರಾ?"

"ಪಿಸ್ತೂಲಿಗೆ ಅಂಗಿ ಹೊಲೀತೀನಿ. ಚರ್ಮದ್ದು. ಹೋಲ್‌ಸ್ಟರ್."

ಅವನು ನಕ್ಕ. ನಗಬಾರದೆಂದು ತುಟಿ ಕಚ್ಚಿ, ಕೊನೆಗೆ ಸೋತು ನಕ್ಕ. ಆ ಸೋಲು ಅವಳಿಗೆ ಇಷ್ಟವಾಯಿತು. ಮನೆ ತಲುಪುವವರೆಗೂ ಅದನ್ನು ಒಪ್ಪಿಕೊಳ್ಳಲಿಲ್ಲ, ಅಷ್ಟೆ.

ಅವಳ ಕೆಲಸಕ್ಕೆ ನಿಜವಾದ ಪಿಸ್ತೂಲು ಬರುವಂತಿಲ್ಲ. ಬರುವುದು ಅದರ ಡಮ್ಮಿ, ಅದೇ ಅಳತೆಯ ನಕಲು. ನೆನೆಸಿದ ಚರ್ಮವನ್ನು ಡಮ್ಮಿಗೆ ಸುತ್ತಿ, ಹೆಬ್ಬೆರಳಿನಿಂದಲೂ ಮೂಳೆಯ ಪಟ್ಟಿಯಿಂದಲೂ ಒತ್ತಿ ಒತ್ತಿ ಕೂರಿಸಿದರೆ, ಒಣಗುವಾಗ ಚರ್ಮ ಆ ಮೈಯನ್ನೇ ನೆನಪಿಟ್ಟುಕೊಳ್ಳುತ್ತದೆ. ಡಮ್ಮಿ ಸರಿಯಿಲ್ಲದಿದ್ದರೆ ಹೊಲಿಗೆ ಎಷ್ಟು ಚೆನ್ನಾಗಿದ್ದರೂ ದಂಡ.

ನೀಲಿ ಪ್ಲಾಸ್ಟಿಕ್ಕನ್ನು ಅವಳು ಎರಡೂ ಕಡೆಯಿಂದ ಒತ್ತಿದಳು. ಅದು ಒಳಗೆ ಬಾಗಿತು. ಅದನ್ನು ವಾಪಸ್ ಇಟ್ಟು ಅಲ್ಯೂಮಿನಿಯಂ ಸಾಲಿನಿಂದ ಎಲ್ಲಕ್ಕಿಂತ ಭಾರವಾದದ್ದನ್ನು ಎತ್ತಿಕೊಂಡಳು.

"ತೂಕ ನೋಡಿ ತಗೊಳ್ಳೋಕೆ ಇದೇನು ತರಕಾರಿನಾ?" ಎಂದ ಅವನು. "ಅದರ ಮೂಲೆ ಮುಟ್ಟಿ ನೋಡಿ. ಬ್ಲೇಡ್ ಇದ್ದ ಹಾಗಿದೆ. ಒದ್ದೆ ಚರ್ಮ ಹರಿದೇ ಹೋಗುತ್ತೆ. ಇನ್ನೊಂದು, ಎರಕ ಆರುವಾಗ ಲೋಹ ಕುಗ್ಗುತ್ತೆ. ಅದಕ್ಕೆ ಅಚ್ಚನ್ನ ಕೂದಲೆಳೆಯಷ್ಟು ದೊಡ್ಡದು ಮಾಡಿರಬೇಕು. ಇಲ್ಲದಿದ್ರೆ ಡಮ್ಮಿ ಸಣ್ಣದಾಗುತ್ತೆ, ನಿಮ್ಮ ಅಂಗಿ ಬಿಗಿಯಾಗುತ್ತೆ."

"ಪಾಠ ಮುಗೀತಾ ಮೇಷ್ಟ್ರೇ?"

"ಇನ್ನೂ ಇದೆ. ನಾಳೆ ಬಂದ್ರೆ ಹೇಳ್ತೀನಿ."

ಅವಳು ಮರುದಿನವೂ ಹೋದಳು. ಕೊಳ್ಳಲು ಏನೂ ಇರಲಿಲ್ಲ.

ಅವಳ ಕಾರ್ಖಾನೆ ಎಂದರೆ ಒಂದು ಉದ್ದನೆಯ ಕೋಣೆ, ಎರಡು ಮೇಜು, ಮತ್ತು ಅತ್ತೆ. ಅಪ್ಪನ ತಂಗಿಯಾದ ಈ ಅತ್ತೆ ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಮಾತಾಡುವವಳು. ಎಲ್ಲದಕ್ಕೂ ಮೂಗು ತೂರಿಸುತ್ತಾಳೆಂದು ಅಣ್ಣನ ಮಗಳಿಗೂ 'ಸೂಜಿ' ಎಂದೇ ಹೆಸರಿಟ್ಟಿದ್ದಳು. ಹೋಲ್‌ಸ್ಟರ್ ವಿಷಯದಲ್ಲಿ ಅವಳದು ಒಂದೇ ಹಟ: ತಲೆಕೆಳಗೆ ಹಿಡಿದು ಅಲ್ಲಾಡಿಸಿದರೂ ಬೀಳಬಾರದು, ಕೈ ಹಾಕಿ ಎಳೆದರೆ ಮುನಿಸಿಕೊಳ್ಳದೆ ಹೊರಬರಬೇಕು.

"ಆ ಎರಕದವನ ಅಂಗಡಿ ದಾರಿ ಚೆನ್ನಾಗಿ ಸವೆದಿದೆ ಕಣೇ ಸೂಜಿ," ಎನ್ನುತ್ತಿದ್ದಳು ಅತ್ತೆ. "ಮನೇಲಿ ಡಮ್ಮಿ ಇಡೋಕೆ ಜಾಗ ಇಲ್ಲ. ಇನ್ನು ಅವನನ್ನೇ ತಂದು ಇಟ್ಕೋಬೇಕು ಅಷ್ಟೆ."

"ಅತ್ತೇ!"

"ನಾನೇನಂದೆ? ಕಪಾಟು ಮಾಡಿಸೋಣ ಅಂದೆ."

ಆಮೇಲೆ ಬಂತು ಕಾವಲು ಪಡೆಯ ಆರ್ಡರ್. ಅವರ ಹಳೆಯ ಮಾದರಿಯ ಪಿಸ್ತೂಲಿಗೆ ಎಲ್ಲೂ ಡಮ್ಮಿ ಸಿಗುತ್ತಿರಲಿಲ್ಲ. ಹೊಸದಾಗಿ ಎರಕ ಹೊಯ್ಯಬೇಕು. ಪಡೆಯ ಅಧಿಕಾರಿಯೊಬ್ಬರು ಗುಂಡು ತೆಗೆದ ಪಿಸ್ತೂಲನ್ನು ತಂದು, ಅವನು ಅಚ್ಚು ತೆಗೆಯುವವರೆಗೂ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದು, ಕೆಲಸ ಮುಗಿದೊಡನೆ ತೆಗೆದುಕೊಂಡು ಹೋದರು. ಉಳಿದದ್ದು ಒರಟು ಲೋಹದ ಒಂದು ಪ್ರತಿರೂಪ, ಅವನು, ಮತ್ತು ಅವಳು.

ಅದನ್ನು ಡಮ್ಮಿ ಮಾಡಲು ಒಂದು ಇಡೀ ಬೇಸಿಗೆ ಹಿಡಿಯಿತು. ನಿಜವಾದ ಪಿಸ್ತೂಲಿನಂತೆಯೇ ಇದ್ದರೆ ಆಗುವುದಿಲ್ಲ. ತೂತುಗಳನ್ನು ಮುಚ್ಚಬೇಕು, ಇಲ್ಲವಾದರೆ ಚರ್ಮ ಅವುಗಳೊಳಗೆ ಇಳಿದು ಪಿಸ್ತೂಲನ್ನು ಹಿಡಿದುಕೊಳ್ಳುತ್ತದೆ. ಗುರಿ ನೋಡುವ ಮೂತಿಯ ಮೊಳೆ ಉಜ್ಜದಂತೆ ಮೇಲ್ಗಡೆ ಸಣ್ಣ ಪಟ್ಟಿ ಕೂರಿಸಿ ಅದಕ್ಕೊಂದು ದಾರಿ ಮಾಡಿಕೊಡಬೇಕು. ಅವಳು ಚರ್ಮ ಒತ್ತಿ ನೋಡುವಳು. ಅವನು ಉಜ್ಜುವನು. ಅವಳು "ಇನ್ನೂ ಸ್ವಲ್ಪ" ಎನ್ನುವಳು. ಅವನು ನಿಟ್ಟುಸಿರಿಡುವನು. ಅಷ್ಟರಲ್ಲಿ 'ನೀವು' ಯಾವಾಗ 'ನೀನು' ಆಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಒಂದು ಮಧ್ಯಾಹ್ನ ಅವನು ಟ್ರಿಗರ್ ಸುತ್ತಲಿನ ಬಳೆಯಾದ ಟ್ರಿಗರ್ ಗಾರ್ಡಿನ ಕೆಳಗೆ ಕೊನೆಯ ಅರ ಆಡಿಸುತ್ತಿದ್ದ.

"ನಿನ್ನ ಹುಬ್ಬಿನ ಮೇಲೆ ಮತ್ತೆ ಪುಡಿ ಕೂತಿದೆ," ಎಂದಳು ಅವಳು.

"ಒರೆಸು ಹಾಗಾದ್ರೆ. ನನ್ನ ಎರಡೂ ಕೈ ಕೆಲಸದಲ್ಲಿದೆ."

ಅವಳು ಒರೆಸಿದಳು. ಅರ ಜಾರಿತು.

ಡಮ್ಮಿಯ ಮೈಮೇಲೆ ಅಕ್ಕಿಕಾಳಿನಷ್ಟು ಒಂದು ಕುಳಿ ಬಿದ್ದಿತ್ತು. ಅವನು ಅದನ್ನೇ ನೋಡುತ್ತಾ ಕೂತ. ಕಿವಿಗಳು ಕೆಂಪಾಗಿದ್ದವು.

"ತುಂಬಿಬಿಡ್ತೀನಿ. ಐದು ನಿಮಿಷದ ಕೆಲಸ."

"ಬೇಡ. ಇರಲಿ ಬಿಡು."

"ಹೋಲ್‌ಸ್ಟರ್ ಒಳಗೆ ಗುಬುಟು ಬರುತ್ತೆ ಕಣೇ."

"ಬರಲಿ. ಪಿಸ್ತೂಲಿಗೆ ಅಡ್ಡ ಬರಲ್ಲ. ಹೆಬ್ಬೆರಳು ಹಾಕಿದವರಿಗೆ ಮಾತ್ರ ಗೊತ್ತಾಗುತ್ತೆ. ನಮ್ಮಿಬ್ಬರ ಗುರುತು."

ಅವನು ಆ ದಿನವೇ ಅಚ್ಚನ್ನು ಅವಳ ಕಣ್ಣೆದುರಿಗೆ ಸುತ್ತಿಗೆಯಿಂದ ಒಡೆದು ಹಾಕಿದ. "ಇದು ಒಂದೇ. ಇನ್ನು ಇಂಥದ್ದು ಹುಟ್ಟಲ್ಲ," ಎಂದ. ಪ್ಲಾಸ್ಟರಿನ ಬಿಳಿ ಚೂರುಗಳ ನಡುವೆ ಅವಳು ಎಷ್ಟೋ ಹೊತ್ತು ನಿಂತಿದ್ದಳು. ಯಾರೂ ಅವಳಿಗಾಗಿ ಇಷ್ಟು ಚೆಂದವಾಗಿ ಏನನ್ನೂ ಒಡೆದಿರಲಿಲ್ಲ.

ಹೋಲ್‌ಸ್ಟರುಗಳು ಒಂದೊಂದಾಗಿ ಒಣಗತೊಡಗಿದವು. ಒಳಗೆ ಬೆರಳು ಹಾಕಿದಾಗಲೆಲ್ಲ ಅಕ್ಕಿಕಾಳು ಸಿಗುತ್ತಿತ್ತು. ಅವಳು ಒಬ್ಬಳೇ ನಗುತ್ತಿದ್ದಳು. ಅತ್ತೆ ಕಂಡೂ ಕಾಣದವಳ ಹಾಗೆ ಇರುತ್ತಿದ್ದಳು.

ಅರ್ಧ ಕೆಲಸ ಮುಗಿದಾಗ ಅವನು ಬಂದ. "ಡಮ್ಮಿ ಒಂದು ದಿನಕ್ಕೆ ಕೊಡು. ತಲೆ ಕಡೆ ಮಂಕಾಗಿದೆ. ಪಾಲಿಶ್ ಮಾಡಿ ತರ್ತೀನಿ."

ಬಟ್ಟೆಯಲ್ಲಿ ಸುತ್ತಿ, ಮಗುವನ್ನು ಕೊಡುವಂತೆ ಕೊಟ್ಟಳು.

ಮರುದಿನ ಸಂಜೆ ಅವನು ಅದನ್ನು ವಾಪಸ್ ತಂದ. ಕನ್ನಡಿಯಂತೆ ಹೊಳೆಯುತ್ತಿತ್ತು. ಅದರಲ್ಲಿ ಅವಳ ಮುಖ ಉದ್ದಕ್ಕೆ ಎಳೆದಂತೆ ಕಂಡಿತು. ಪಕ್ಕದಲ್ಲಿ ಅವನದು.

"ನನ್ನನ್ನ ಮದುವೆ ಆಗ್ತೀಯಾ?" ಎಂದು ಕೇಳಿದ. ಕೇಳಿ, ತಾನೇ ಹೆದರಿದವನ ಹಾಗೆ ಒಂದು ಹೆಜ್ಜೆ ಹಿಂದೆ ಇಟ್ಟ.

ಅವಳಿಗೆ ಹೂಂ ಎನ್ನಬೇಕೆನಿಸಿತು. ಆದರೆ ಇಂಥ ಸಂಜೆ ಇನ್ನೊಂದಷ್ಟು ದಿನ ಇರಲಿ ಎಂಬ ಆಸೆ. "ಆರ್ಡರಿನ ಕೊನೇ ಹೋಲ್‌ಸ್ಟರ್ ಒಣಗಿದ ದಿನ ಬಾ. ಹೇಳ್ತೀನಿ."

"ಫ್ಯಾನ್ ಹಾಕಿ ಒಣಗಿಸು ಮಾರಾಯ್ತಿ," ಎಂದು ನಕ್ಕು ಹೋದ.

ಕೊನೆಯದಕ್ಕೆ ಚರ್ಮ ಕತ್ತರಿಸಿದ ದಿನವೇ ಒಬ್ಬ ಕಾವಲುಗಾರ ಬಾಗಿಲಿಗೆ ಬಂದ. ಹೋಲ್‌ಸ್ಟರಿನ ಬೆಲ್ಟು ಪಟ್ಟಿ ಬಿಚ್ಚಿಕೊಂಡಿದೆ, ಹೊಲಿದು ಕೊಡಿ ಎಂದ.

"ಇದು ನಮ್ಮದಲ್ಲ," ಎಂದಳು ಅವಳು ಹೊಲಿಗೆ ನೋಡಿ. ಮಿಷಿನ್ ಹೊಲಿಗೆ, ದಾರವೂ ಬೇರೆ.

"ಅಲ್ಲಮ್ಮ, ಚೌಕದ ದೊಡ್ಡ ಅಂಗಡೀದು. ಈಗ ಅವರ ಹತ್ರಾನೂ ಸಿಗುತ್ತೆ. ಮುಂದಿನ ಆರ್ಡರ್ ಅವರಿಗೇ ಅಂತೆ. ಬೇಗ ಮಾಡಿಕೊಡ್ತಾರಂತೆ. ಆದ್ರೆ ಹೊಲಿಗೆ ನೋಡಿ, ಇಷ್ಟಕ್ಕೇ ಬಿಚ್ಕೊಂತು. ಕೂರೋದು ಮಾತ್ರ ನಿಮ್ಮದರ ಹಾಗೇ, ಬಿಗಿಯಾಗಿ ಕೂರುತ್ತೆ."

ಅವಳು ಸೂಜಿಗೆ ದಾರ ಪೋಣಿಸಿದಳು. ಜೇಬಿಗೆ ಕೈ ಹಾಕುವಷ್ಟು ಸಹಜವಾಗಿ ಹೆಬ್ಬೆರಳನ್ನು ಹೋಲ್‌ಸ್ಟರ್ ಒಳಗೆ ಇಳಿಸಿದಳು.

ಅಕ್ಕಿಕಾಳು ಸಿಕ್ಕಿತು.

ಮೊದಲಿಗೆ ಅಭ್ಯಾಸದಂತೆ ತುಟಿಯಲ್ಲಿ ನಗು ಬಂತು. ನಗು ಬಂದದ್ದೇ ಅವಳಿಗೆ ಆಮೇಲೆ ತುಂಬ ದಿನ ಅವಮಾನವಾಗಿ ಉಳಿಯಿತು. ಬೆರಳು ಇನ್ನೊಮ್ಮೆ ಹುಡುಕಿತು. ಅದೇ ಜಾಗ, ಟ್ರಿಗರ್ ಗಾರ್ಡಿನ ಕೆಳಗೆ, ಅದೇ ಓರೆ. ಪೋಣಿಸಿದ ಸೂಜಿ ನೆಲಕ್ಕೆ ಬಿತ್ತು.

"ಏನಾಯ್ತೇ?" ಎಂದಳು ಅತ್ತೆ, ಸೂಜಿ ಕಚ್ಚಿದ ಹಲ್ಲಿನ ಸಂದಿಯಿಂದ.

ಅವಳು ಹೋಲ್‌ಸ್ಟರನ್ನು ಚಾಚಿದಳು. ಅತ್ತೆ ಬೆರಳು ಹಾಕಿದಳು. ಸೂಜಿಯನ್ನು ಬಾಯಿಂದ ತೆಗೆದು ಮೇಜಿನ ಮೇಲೆ ಇಟ್ಟಳು. ಅದನ್ನು ಕಂಡು ಅವಳಿಗೆ ಖಾತ್ರಿಯಾಯಿತು.

ಕಾವಲುಗಾರನಿಗೆ ಬೇರೊಂದು ಹೋಲ್‌ಸ್ಟರ್ ಕೊಟ್ಟು ಕಳಿಸಿ, ಆ ಹೋಲ್‌ಸ್ಟರನ್ನು ಎತ್ತಿಕೊಂಡು ಹೊರಟಳು.

ಅವನ ಅಂಗಡಿಯಲ್ಲಿ ಹೊಸ ಕುಲುಮೆ ಬಂದಿತ್ತು. ಅವನು ಅದರ ಮುಚ್ಚಳಕ್ಕೆ ಬಣ್ಣ ಹಚ್ಚುತ್ತಿದ್ದ. ಅವಳನ್ನು ಕಂಡು ಮುಖ ಅರಳಿತು.

"ಒಣಗಿತಾ?"

"ಬೆರಳು ಹಾಕು."

"ಏನಿದು, ಪರೀಕ್ಷೆ ಮೇಷ್ಟ್ರಿಗೇನಾ?" ನಗುತ್ತಲೇ ಹಾಕಿದ. ನಗು ಅಲ್ಲೇ ನಿಂತುಹೋಯಿತು. ಬೆರಳನ್ನು ಹೊರಗೆ ತೆಗೆಯಲು ಮರೆತವನಂತೆ ಕೂತ.

"ಪಾಲಿಶ್ ಮಾಡಿದ ದಿನ?" ಎಂದು ಕೇಳಿದಳು.

ಅವನು ಹೌದೆಂದು ತಲೆಯಾಡಿಸಿದ.

"ನನ್ನ ಕೈಯಿಂದಾನೇ ಇಸ್ಕೊಂಡೆ ನೀನು. ಬಟ್ಟೇಲಿ ಸುತ್ತಿ ಕೊಟ್ಟಿದ್ದೆ."

"ಕೇಳು ಇಲ್ಲಿ. ದೊಡ್ಡ ಅಂಗಡಿಯವರು ದುಡ್ಡು ಹಿಡಿದು ಬೆನ್ನು ಬಿದ್ದಿದ್ರು, ಇನ್ನೊಂದು ಎರಕ ಹೊಯ್ದು ಕೊಟ್ಟೆ. ಮದುವೆ ಆದ್ಮೇಲೂ ಇನ್ನೊಬ್ಬರ ಕುಲುಮೆ ಬಾಡಿಗೆಗೆ ಹಿಡೀತಾ ಇರಲಾ? ನಮಗೋಸ್ಕರಾನೇ ಮಾಡಿದೆ. ಸಮಯ ನೋಡಿ ಹೇಳೋಣ ಅಂತಿದ್ದೆ."

"ಮದುವೆ ಕೇಳೋಕೆ ಸಮಯ ಸಿಕ್ತು. ಇದನ್ನ ಹೇಳೋಕೆ ಸಿಗಲಿಲ್ಲ. ಎರಡೂ ಒಂದೇ ಸಂಜೆ."

ಅವನು ನೆಲ ನೋಡಿದ. "ಆ ಗುರುತನ್ನ ಮುಚ್ಚಬಹುದಿತ್ತು ಕಣೇ. ಒಂದು ಚಿಟಿಕೆ ಮೇಣ ಸಾಕಿತ್ತು, ನಿಂಗೆ ಯಾವತ್ತೂ ಗೊತ್ತಾಗ್ತಿರಲಿಲ್ಲ. ಮೇಣ ಕೈಗೆ ತಗೊಂಡಿದ್ದೆ. ಮುಚ್ಚೋಕೆ ಕೈ ಬರಲಿಲ್ಲ. ನಂಬು."

"ಮುಚ್ಚೋಕೆ ಕೈ ಬರಲಿಲ್ಲ. ಕದಿಯೋಕೆ ಬಂತು."

ಬಣ್ಣದ ಕುಂಚದಿಂದ ಒಂದು ಹನಿ ನೆಲಕ್ಕೆ ಬಿತ್ತು. ಇಬ್ಬರೂ ಅದನ್ನೇ ನೋಡಿದರು.

"ಆ ಡಮ್ಮೀನ ವಾಪಸ್ ತಗೊಂಡು ಕರಗಿಸ್ತೀನಿ," ಎಂದ. "ಕುಲುಮೆ ಮಾರ್ತೀನಿ. ಒಂದು ಸಲ ಹೊಟ್ಟೆಗೆ ಹಾಕ್ಕೋ."

"ಕೇಳಿದ್ರೆ ನಾನೇ ಕೊಡ್ತಿದ್ದೆ." ಅವಳ ದನಿ ಈಗ ಮೊದಲ ಸಲ ಒಡೆಯಿತು. "ಅತ್ತೆ ಹತ್ರ ಜಗಳ ಆಡಿಯಾದ್ರೂ ಕೊಡ್ತಿದ್ದೆ. ನಿನಗೆ ಇಲ್ಲ ಅನ್ನೋಕೆ ನಾನು ಯಾವತ್ತು ಕಲಿತಿದ್ದೆ? ಅದು ಗೊತ್ತಿದ್ದೂ ಕೇಳಲಿಲ್ಲ ನೀನು."

ಅವನು ಕೈ ಚಾಚಿದ. ಅವಳು ಹೋಲ್‌ಸ್ಟರನ್ನು ಮಾತ್ರ ತೆಗೆದುಕೊಂಡಳು.

"ಹಾಗಾದ್ರೆ ಉತ್ತರ ಇದೇನಾ?"

"ಕೊನೇದು ಒಣಗಿದ ದಿನ ಹೇಳ್ತೀನಿ ಅಂದಿದ್ದೆ. ಕೊಟ್ಟ ಮಾತು. ಬನ್ನಿ."

'ಬನ್ನಿ' ಎಂದದ್ದು ಅವನಿಗೆ ಕೇಳಿಸಿತು. ಹೊಡೆದಿದ್ದರೂ ಮುಖ ಅಷ್ಟು ಬಿಳಿಚಿಕೊಳ್ಳುತ್ತಿರಲಿಲ್ಲ.

ಮನೆಗೆ ಬಂದು ಅವಳು ಚರ್ಮವನ್ನು ಉಗುರುಬೆಚ್ಚಗಿನ ನೀರಿಗೆ ಇಳಿಬಿಟ್ಟಳು. ಗುಳ್ಳೆಗಳು ಏಳುತ್ತಿದ್ದವು. ಅವು ನಿಲ್ಲುವವರೆಗೆ ಕಾಯಬೇಕು. ಡಮ್ಮಿ ಮೇಜಿನ ಮೇಲೆ ಹೊಳೆಯುತ್ತಾ ಮಲಗಿತ್ತು. ದಾರಕ್ಕೆ ಹಚ್ಚುವ ಮೇಣದಿಂದ ಒಂದು ಚಿಟಿಕೆ ಕಿತ್ತು, ಬೆರಳ ನಡುವೆ ಉರುಳಿಸಿದಳು. ಕಾಳಿನಷ್ಟಾಯಿತು. ಕುಳಿಯ ಹತ್ತಿರ ತಂದಳು.

ಕೈ ಬರಲಿಲ್ಲ.

ಲೋಹದ ಪುಡಿ ಕೂತಿದ್ದ ಹುಬ್ಬು, ಜಾರಿದ ಅರ, ಕೆಂಪಾದ ಕಿವಿ, ಎಲ್ಲ ಆ ಸಣ್ಣ ಗುಂಡಿಯೊಳಗೇ ಇದ್ದವು. ಅಂದರೆ ಅವನು ಹೇಳಿದ್ದು ಸುಳ್ಳಲ್ಲ. ಅವನ ಕೈಯೂ ಹೀಗೇ ನಿಂತಿರಬೇಕು. ಪ್ರೀತಿಯೂ ನಿಜ, ಕದ್ದದ್ದೂ ನಿಜ. ಒಂದಾದರೂ ಸುಳ್ಳಾಗಿದ್ದರೆ ಎಷ್ಟು ಸುಲಭವಿತ್ತು! ಅಂಗಡಿಯಲ್ಲಿ ಬಾರದ ಅಳು ಆಗ ಬಂತು.

ಅತ್ತೆ ಬಂದು ಪಕ್ಕದಲ್ಲಿ ನಿಂತಳು. ತಲೆ ಸವರಲಿಲ್ಲ, ಬುದ್ಧಿ ಹೇಳಲಿಲ್ಲ. "ಗುಳ್ಳೆ ನಿಂತಿದೆ ನೋಡು. ಚರ್ಮ ಜಾಸ್ತಿ ನೆನೆದ್ರೆ ಸಡಿಲ ಆಗುತ್ತೆ," ಎಂದಳಷ್ಟೆ.

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮೇಣವನ್ನು ಕುಳಿಗೆ ಒತ್ತಿದಳು. ಉಗುರಿನಿಂದ ಸಮ ಮಾಡಿದಳು. ಒದ್ದೆ ಚರ್ಮ ಸುತ್ತಿ, ಮೂಳೆಯ ಪಟ್ಟಿ ಹಿಡಿದು ಕೆಲಸಕ್ಕೆ ಇಳಿದಳು.

ಒಣಗಿದ ದಿನ ಅವನು ಬಂದ. ಶುಭ್ರವಾದ ಅಂಗಿ ಹಾಕಿದ್ದ. ಹುಬ್ಬಿನ ಮೇಲೆ ಪುಡಿ ಇರಲಿಲ್ಲ. ಬಾಗಿಲಲ್ಲೇ ನಿಂತ. ಅತ್ತೆ ತಲೆ ತಗ್ಗಿಸಿ ಹೊಲಿಯುತ್ತಲೇ ಇದ್ದಳು.

ಅವಳು ಹೋಲ್‌ಸ್ಟರಿಗೆ ಡಮ್ಮಿ ಹಾಕಿದಳು. ಟಕ್ಕೆಂದು ಕೂತಿತು. ತಲೆಕೆಳಗೆ ಮಾಡಿ ಅಲ್ಲಾಡಿಸಿದಳು. ಬೀಳಲಿಲ್ಲ. ಎಳೆದಳು. ಮುನಿಸಿಕೊಳ್ಳದೆ ಹೊರಬಂತು. ಖಾಲಿ ಹೋಲ್‌ಸ್ಟರನ್ನು ಅವನತ್ತ ಚಾಚಿದಳು.

"ಉತ್ತರ ಒಳಗಿದೆ. ಬೆರಳು ಹಾಕಿ ನೋಡಿ."

ಅವನು ಹಾಕಿದ. ಟ್ರಿಗರ್ ಗಾರ್ಡಿನ ಕೆಳಗೆ ಹುಡುಕಿದ. ಸ್ವಲ್ಪ ಮೇಲೆ, ಸ್ವಲ್ಪ ಪಕ್ಕಕ್ಕೆ, ಮತ್ತೆ ಅದೇ ಜಾಗಕ್ಕೆ. ಚರ್ಮದ ಹೊರಗಡೆಯಿಂದಲೇ ಅವನ ಬೆರಳು ಹುಡುಕುವುದು ಅವಳಿಗೆ ಕಾಣುತ್ತಿತ್ತು.

ಒಳಗೆಲ್ಲ ನುಣುಪು.

ಅವನು ತುಂಬ ಹೊತ್ತು ಕೈ ತೆಗೆಯಲಿಲ್ಲ. ಅವಳೂ ತೆಗೆಯಿರಿ ಎನ್ನಲಿಲ್ಲ.