ಹಸಿ ಬೇವಿನ ತುಂಡು

ನಿಂಗರಾಜ ಕಳಿಸಿದ ಬೇವಿನ ತುಂಡನ್ನು ತನ್ನ ಸಾಗವಾನಿ ತುಂಡಿನ ತೂತಿಗೆ ಕೂರಿಸಿ ಶಿವಗಂಗಾ ಕೈ ಬಿಟ್ಟಳು. ಅದು ಸುಮ್ಮನೆ ಜಾರಿ ಬಂದು ಅವಳ ಕಾಲ ಮೇಲೆ ಬಿತ್ತು. ನೋವೇನೂ ಆಗಲಿಲ್ಲ, ಸಿಟ್ಟು ಮಾತ್ರ ನೆತ್ತಿಗೇರಿತು.

ಇಳಕಲ್ಲಿನ ಪೇಟೆಯಲ್ಲಿ ಅಪ್ಪ ಬಿಟ್ಟುಹೋದ ಚಷ್ಮಾದ ಅಂಗಡಿ ಅವಳದು. ಹಗಲು ಊರವರಿಗೆ ಕನ್ನಡಕ ಮಾಡಿಕೊಡುವುದು, ಸಂಜೆ ಹಿಂದಿನ ಕೋಣೆಯಲ್ಲಿ ಕಟ್ಟಿಗೆ ಕೊರೆಯುವುದು. ಉಳಿ ಹಿಡಿಯಲು ಕಲಿತದ್ದು ಮರಗೆಲಸದ ಹವ್ಯಾಸಿಗಳ ಒಂದು ಆನ್‌ಲೈನ್ ಗುಂಪಿನಿಂದ. ವೇಲ್ಸಿನ ನಿವೃತ್ತ ಪೋಸ್ಟ್‌ಮ್ಯಾನ್ ಗ್ಯಾರೆತ್ ಕಟ್ಟಿಗೆ ನುಣುಪು ಮಾಡುವ ರಂದಾದ ಅಲಗು ಮಸೆಯುವುದನ್ನು ಹೇಳಿಕೊಟ್ಟಿದ್ದ. ಫಿನ್ಲೆಂಡಿನ ನರ್ಸ್ ಐನೊ ಚಮಚ ಕೆತ್ತುವುದನ್ನು ತೋರಿಸಿದ್ದಳು. ಕೆಲಸದ ಮಾತು ಮುಗಿದ ಮೇಲೆ ಯಾರ ಮನೆಯಲ್ಲಿ ಏನು ಅಡುಗೆ, ಯಾರ ಮೊಣಕಾಲು ಹೇಗಿದೆ ಎಂದು ಹರಟೆ ಶುರುವಾಗುತ್ತಿತ್ತು.

ಶಿವಗಂಗಾಳ ಕೆಲಸವನ್ನು ಗುಂಪಿನವರೆಲ್ಲ ಮೆಚ್ಚುತ್ತಿದ್ದರು. ಆದರೆ ಅವಳದೊಂದು ವಿಚಿತ್ರ ಹಟ ಅವರಿಗೆ ಅರ್ಥವಾಗಿರಲಿಲ್ಲ. ಅವಳು ಯಾವುದಕ್ಕೂ ಅಂಟು ಹಾಕುತ್ತಿರಲಿಲ್ಲ. ತುಂಡುಗಳನ್ನು ಕೂಡಿಸುವುದು, ನೋಡುವುದು, ಮತ್ತೆ ಬಿಡಿಸಿಡುವುದು. ಮನೆಯ ಸ್ಟೂಲು ಕೂಡ ಹಾಗೇ ನಿಂತಿತ್ತು.

"ಇದರ ಮ್ಯಾಲ ಕುಂದ್ರಬೇಕಂದ್ರ ಮೊದಲ ಬಸವಣ್ಣಗ ಕೈ ಮುಗೀಬೇಕವ್ವಾ," ಎಂದು ತಾಯಿ ನೀಲಾಬಾಯಿ ಗೊಣಗುತ್ತಿದ್ದಳು.

ಹಟಕ್ಕೆ ಕಾರಣ ತಾಯಿಗೆ ಗೊತ್ತಿತ್ತು. ಹಿಂದೊಮ್ಮೆ ಶಿವಗಂಗಾಳ ಮದುವೆ ನಿಶ್ಚಯವಾಗಿತ್ತು, ಸೀರೆಯೂ ಬಂದಿತ್ತು. ಗರಗಸ ಹಿಡಿಯುವುದು ಸೊಸೆಯಾಗುವವಳಿಗೆ ಒಪ್ಪುವುದಿಲ್ಲ ಎಂದು ಆ ಮನೆಯವರು ಮಾತು ಮುರಿದರು. ಅಂದಿನಿಂದ ಬಿಡಿಸಲಾಗದ ಯಾವುದನ್ನೂ ಮಾಡಬಾರದು ಎಂದು ಅವಳು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದಳು.

ನಿಂಗರಾಜ ಪರಿಚಯವಾದದ್ದು ಒಂದು ಅರಿವೆ ತುಂಡಿನಿಂದ. ಅವಳು ಎಣ್ಣೆ ಒರೆಸಿದ ಪೆಟ್ಟಿಗೆಯ ಫೋಟೋ ಹಾಕಿದ್ದಳು, ಪಕ್ಕದಲ್ಲಿ ಒರೆಸಿದ ಅರಿವೆ ಬಿದ್ದಿತ್ತು. ಪೆಟ್ಟಿಗೆಯನ್ನು ಎಲ್ಲರೂ ಹೊಗಳಿದರು. ಒಬ್ಬ ಮಾತ್ರ ಗುಂಪಿನಲ್ಲಲ್ಲ, ಅವಳೊಬ್ಬಳಿಗೇ ಕನ್ನಡದಲ್ಲಿ ಬರೆದ: "ತಪ್ಪು ತಿಳೀಬ್ಯಾಡ್ರಿ. ಅದು ಇಳಕಲ್ ಸೀರಿ ಸೆರಗಲ್ಲೇನ್ರಿ? ನಾ ಕಲಾದಗಿಯಾಂವ. ದನದ ಡಾಕ್ಟರ್ ಅದೀನಿ."

ಎಷ್ಟೋ ತಿಂಗಳಿಂದ ಇಬ್ಬರೂ ಇಂಗ್ಲಿಷಿನಲ್ಲಿ ಒಬ್ಬರಿಗೊಬ್ಬರು ಸಲಹೆ ಕೊಡುತ್ತಿದ್ದರು, ಒಂದೇ ಜಿಲ್ಲೆಯವರು ಎಂದು ಗೊತ್ತಿಲ್ಲದೆ! ಶಿವಗಂಗಾ ಒಬ್ಬಳೇ ಕೂತು ಬಹಳ ಹೊತ್ತು ನಕ್ಕಳು. ಆಮೇಲೆ ಬೆಳಗಿನ ಚಹಾಕ್ಕೆ ಅವನ ಮೆಸೇಜು ಇಲ್ಲದಿದ್ದರೆ ರುಚಿಯೇ ಇಲ್ಲ ಎನ್ನುವಂತಾಯಿತು. ಯಾವ ಆಕಳು ಒದೆಯಿತು, ಯಾವ ಕುರಿ ಮಂಕಾಗಿದೆ ಎಲ್ಲ ಅವಳಿಗೆ ವರದಿಯಾಗುತ್ತಿತ್ತು. ಭೇಟಿಯ ಮಾತು ಬಂದಾಗ ಮಾತ್ರ ಅವಳು "ನೋಡೋಣ್ರಿ" ಎಂದು ಜಾರಿಕೊಳ್ಳುತ್ತಿದ್ದಳು.

ಗುಂಪಿನಲ್ಲಿ ವರ್ಷಕ್ಕೊಮ್ಮೆ ಒಂದು ಆಟ. ಚೀಟಿ ಎತ್ತಿ ಜೋಡಿ ಮಾಡುತ್ತಾರೆ. ಒಬ್ಬರು ನಾಲಿಗೆಯಂತೆ ಚಾಚಿದ ತುಂಡು ಮಾಡಿ ಅಂಚೆಯಲ್ಲಿ ಕಳಿಸಬೇಕು, ಇನ್ನೊಬ್ಬರು ಅದು ಕೂರುವ ತೂತು ಕೊರೆದು ಕೂಡಿಸಬೇಕು. ಈ ಸಲ ಚೀಟಿ ಎತ್ತಿದ ಗ್ಯಾರೆತ್ ಇವರಿಬ್ಬರ ಹೆಸರನ್ನೇ ಕೂಡಿಸಿದ. ಚೀಟಿ ಎತ್ತಿದನೋ, ಆರಿಸಿದನೋ, ದೇವರೇ ಬಲ್ಲ.

ಮಳೆಗಾಲದಲ್ಲೇ ನಿಂಗರಾಜನ ಬೇವಿನ ತುಂಡು ಬಂತು, ಜೊತೆಗೆ ಅಳತೆಯೂ. ಶಿವಗಂಗಾ ಆ ಅಳತೆ ನಂಬಿ, ಬಿಡುವಾದಾಗ ನಿಧಾನಕ್ಕೆ ತೂತು ಕೊರೆದಳು. ಸಂಕ್ರಾಂತಿ ಕಳೆದ ಮೇಲೆ ಕೂರಿಸಿ ನೋಡಿದರೆ ಹೀಗೆ.

ಸಿಟ್ಟಿನಲ್ಲಿ ಗುಂಪಿಗೇ ಬರೆದುಬಿಟ್ಟಳು: ಅಳತೆ ತಪ್ಪಾಗಿದೆ, ಅವಸರದ ಕೆಲಸ, ನಂಬುವಂತಿಲ್ಲ.

ಉತ್ತರಗಳು ಬಂದವು. ಸಂದಿಗೆ ಕಟ್ಟಿಗೆಯ ತೆಳು ಸಿಪ್ಪೆ ಅಂಟಿಸು ಎಂದ ಗ್ಯಾರೆತ್. ನಿಂಗರಾಜ ಎಲ್ಲರ ಎದುರಿಗೆ ಒಂದೇ ಸಾಲು ಬರೆದ: ತಪ್ಪು ನನ್ನದೇ, ತುಂಡನ್ನು ವಾಪಸ್ ಕಳಿಸಿ, ನಾನು ಆಟದಿಂದ ಹೊರಗಿರುತ್ತೇನೆ. ಮರುದಿನ ಬೆಳಗಿನ ಚಹಾಕ್ಕೆ ಮೆಸೇಜು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಶಿವಗಂಗಾ ತುಂಡನ್ನು ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ವಿಳಾಸ ಬರೆದಳು. ಇದು ಅಂಚೆಗೆ ಬಿದ್ದರೆ ಅಲ್ಲಿಗೆ ಎಲ್ಲ ಮುಗಿಯಿತು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಚಪ್ಪಲಿ ಮೆಟ್ಟಿದಳು.

ಅಷ್ಟರಲ್ಲಿ ಐನೊಳ ಮೆಸೇಜು ಬಂತು. ಪ್ರಶ್ನೆ ಸಣ್ಣದು: ಆ ಮರ ಕಡಿದದ್ದು ಯಾವಾಗ?

ಶಿವಗಂಗಾ ನಿಂತಲ್ಲೇ ದಾರ ಹರಿದು, ಕಾಗದ ಬಿಚ್ಚಿ, ತುಂಡನ್ನು ಮೂಗಿಗೆ ಹಿಡಿದಳು. ಒಣಗಿತ್ತು, ಆದರೆ ಹೊಸ ಬೇವಿನ ಕಹಿ ವಾಸನೆ ಇನ್ನೂ ಇತ್ತು. ಅಳತೆ ತಪ್ಪಿರಲಿಲ್ಲ. ಹಸಿ ಕಟ್ಟಿಗೆಯಲ್ಲಿ ಮಾಡಿದ ತುಂಡು ಅವಳ ಅಂಗಡಿಯ ಒಣ ಹವೆಯಲ್ಲಿ ಒಣಗಿ ಸಣ್ಣದಾಗಿತ್ತು. ಗುಂಪಿಗೆ ಹೊಸದಾಗಿ ಬಂದವರಿಗೆಲ್ಲ "ಕಟ್ಟಿಗೆ ಒಣಗುವ ತನಕ ತಾಳ್ಮೆ ಇರಲಿ" ಎಂದು ಪಾಠ ಹೇಳುವವನೇ ನಿಂಗರಾಜ. ಅವನೇ ಹೀಗೆ ಮಾಡಿದನೆ?

ಮೊದಲ ಸಲ ಅವಳೇ ಫೋನ್ ಮಾಡಿದಳು.

"ಗಿಡಾ ಯಾವಾಗ ಕಡದ್ರಿ?"

ಆ ಕಡೆ ನಿಂಗರಾಜ ಕುರಿಗಳ ಸದ್ದಿನಿಂದ ಆಚೆ ಸರಿದು ಬಂದ.

"ಕಡೀಲಿಲ್ರಿ. ನಮ್ಮ ಹಿತ್ತಲದಾಗಿನ ಬೇವು, ಮಳಿ ಗಾಳಿಗೆ ಬಿತ್ತು. ನಮ್ಮಪ್ಪ ಅದರ ಬುಡಕ್ಕ ಕಂಬಳಿ ಹಾಸ್ಕೊಂಡು ಮಲಗತಿದ್ದ. ಮರದಿನಾನ ತುಂಡ್ ಕೊಯ್ದೆ."

"ಹಸೀದು ಅಂತ ಗೊತ್ತಿತ್ತಲ್ರಿ ನಿಮಗ?"

"ಗೊತ್ತಿತ್ತು."

"ಮತ್ತ್ಯಾಕ?"

"ಒಣಗಾಕ ವರ್ಷ ಬೇಕ್ರಿ," ಎಂದ ನಿಂಗರಾಜ. ದನಿ ಇಳಿದಿತ್ತು. "ನಮ್ಮ ಮನೀದು ಏನರ ಒಂದು ನಿಮ್ಮ ಕೈಯಾಗ ಇರಲಿ ಅನಸಿತ್ತು. ಎಲ್ಲಾರಿಗೂ ತಡೀರಿ ಅಂತೀನಿ, ನನಗ ತಡಕೊಳ್ಳಾಕ ಆಗಲಿಲ್ಲ."

ಶಿವಗಂಗಾ ಚಪ್ಪಲಿ ಕಾಲಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟಳು. ಅದು ಕಿರ್ರೆಂದಿತು. ತನಗಾಗಿ ಒಬ್ಬ ಮನುಷ್ಯ ತನ್ನ ಪಾಠವನ್ನೇ ಮರೆತ ಎಂಬುದು ಅವಳ ಎದೆ ತುಂಬಿಸಿತು. ಅವನನ್ನು ನಾಲ್ಕು ಜನರೆದುರು ಅವಸರದವನು ಎಂದೆನಲ್ಲ ಎಂದು ನಾಚಿಕೆಯೂ ಆಯಿತು. ಅವನು ಅವಸರ ಮಾಡಿದ್ದು ಖರೆ. ಆದರೆ ಇಷ್ಟು ವರ್ಷ ತಾನು ತಡೆದು ತಡೆದು ಏನು ಗಳಿಸಿದೆ?

"ಆ ಬೇವಿನ ಬೊಡ್ಡಿ ಇನ್ನೂ ಐತೇನ್ರಿ?" ಎಂದು ಕೇಳಿದಳು.

"ಐತ್ರಿ. ಸೀಳಬಾರದಂತ ಹೊಳಿ ದಂಡ್ಯಾಗ ಹಸಿ ಉಸುಕಿನ್ಯಾಗ ಹುಗದಿಟ್ಟೀನಿ. ಇನ್ನೂ ಆರಿಲ್ಲ."

"ಒಂದು ಹಸಿ ತುಂಡು ಬೇಕು ನನಗ. ಪೋಸ್ಟ್ ಬ್ಯಾಡ. ನೀವ ತಗೊಂಡ್ ಬರ್ರಿ."

ಮುಂದಿನ ರವಿವಾರ ಅವನು ಇಳಕಲ್ಲಿನ ಬಸ್ಸಿಗೆ ಬದಲಿಸುವ ಹುನಗುಂದ ಬಸ್‌ಸ್ಟ್ಯಾಂಡಿನಲ್ಲಿ ಇಳಿದ. ಶಿವಗಂಗಾ ಅಲ್ಲಿಗೇ ಬಂದು ಕಾದಿದ್ದಳು. ತುಂಡು ಆರಬಾರದೆಂದು ಅವನು ಒದ್ದೆ ಗೋಣಿಚೀಲ ಸುತ್ತಿ, ಅದರ ಮೇಲೆ ಕಂಬಳಿ ಹೊದಿಸಿ, ಎದೆಗವಚಿಕೊಂಡಿದ್ದ. ಅಂಗಿ ಪೂರ್ತಿ ತೊಯ್ದಿತ್ತು.

"ಡಾಕ್ಟ್ರ, ಮರಿಗೆ ಜ್ವರ ಬಂದೈತೇನ್ರಿ?" ಎಂದು ಕಂಡಕ್ಟರ್ ಕೇಳಿದ. ಬಸ್ಸಿನವರೆಲ್ಲ ಇಣುಕಿ ನೋಡಿದರು.

ಶಿವಗಂಗಾ ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವನು ಅವಳನ್ನು ನೋಡಿ, ನೆಲ ನೋಡಿ, ಮತ್ತೆ ಅವಳನ್ನೇ ನೋಡಿದ. ಅವಳ ಕಣ್ಣು ಮಾತ್ರ ಅವನ ಮೂಗಿನ ಮೇಲೆ ನಿಂತಿತ್ತು.

"ಚಷ್ಮಾ ಸೊಟ್ಟ ಆಗೇತ್ರಿ ನಿಮ್ಮದು."

"ಹೋದ ತಿಂಗಳ ಆಡು ಒದ್ದಿತ್ರಿ."

"ಕೊಡ್ರಿ ಇಲ್ಲಿ." ಅವನ ಎರಡೂ ಕೈ ತುಂಡಿನ ಮೇಲಿದ್ದವು. ಅವಳೇ ಕೈ ಚಾಚಿ ಚಷ್ಮಾ ತೆಗೆದಳು, ಕಡ್ಡಿಯನ್ನು ನಿಧಾನಕ್ಕೆ ಬಗ್ಗಿಸಿದಳು, ಸೆರಗಿನಲ್ಲಿ ಗಾಜು ಒರೆಸಿದಳು. ಮತ್ತೆ ತೊಡಿಸುವಾಗ ಬೆರಳು ಅವನ ಕಿವಿಗೆ ತಾಗಿತು. ಕಿವಿ ಕೆಂಪಾದದ್ದನ್ನು ಅವಳು ಹತ್ತಿರದಿಂದ ನೋಡಿದಳು. ತನ್ನ ಮುಖವೂ ಬಿಸಿಯಾಗಿತ್ತು.

"ಈಗ ಹೆಂಗ ಕಾಣ್ತೈತ್ರಿ?"

"ಭಾಳ ಚಂದ ಕಾಣ್ತೈತ್ರಿ," ಎಂದ ಅವನು ಅವಳಿಂದ ಕಣ್ಣು ತೆಗೆಯದೆ.

ಅಂದು ಅವನನ್ನು ಅವಳು ಇಳಕಲ್ಲಿಗೆ, ಮನೆಗೇ ಕರೆದುಕೊಂಡು ಹೋದಳು. ನೀಲಾಬಾಯಿ ಚಹಾ ಕೊಟ್ಟು ಎಲ್ಲವನ್ನೂ ನೋಡುತ್ತ ಕೂತಳು. ಶಿವಗಂಗಾ ಆ ಹಸಿ ತುಂಡಿನಲ್ಲಿ ಹೊಸ ತೂತು ಕೊರೆದಳು. ಅವನು ತುಂಡನ್ನು ಅಲುಗಾಡದಂತೆ ಹಿಡಿದಿದ್ದ. ಅರ್ಧದಲ್ಲಿ ಅವನಿಗೆ ಅವಳ ಉದ್ದೇಶ ಹೊಳೆಯಿತು.

"ನಾಲಿಗಿ ಒಣಗಿದ್ದು, ತೂತು ಹಸೀದು," ಎಂದ. "ಇದು ಒಣಗಿದಂಗ ತೂತು ಬಿಗೀತೈತಿ. ಆಮ್ಯಾಲ ಬಿಡಸಾಕ ಬರಂಗಿಲ್ರಿ."

"ಗೊತ್ತೈತಿ."

"ನೀವು ಅಂಟ ಹಾಕಂಗಿಲ್ಲಲ್ರಿ ಯಾವದಕ್ಕೂ."

"ಇದಕ್ಕೂ ಹಾಕಂಗಿಲ್ಲ. ಇದಕ್ಕ ಅಂಟು ಬೇಕಾಗಂಗಿಲ್ಲ."

ಅವಳ ಹೆದರಿಕೆ ಹೋಗಿರಲಿಲ್ಲ, ಆದರೆ ಆಸೆ ಅದಕ್ಕಿಂತ ದೊಡ್ಡದಾಗಿತ್ತು. ಅವನ ಒಣಗಿದ ತುಂಡನ್ನು ತೂತಿಗಿಟ್ಟು, ಮರದ ಕೊಡತಿಯಿಂದ ಮೆಲ್ಲಗೆ ಬಡಿದು ಕೂರಿಸಿದಳು.

ಅವನು ಹೋದ ಮೇಲೆ ನೀಲಾಬಾಯಿ ಬಾಯಿ ಬಿಟ್ಟಳು. "ಕಂಬಳಿ ನೋಡಿದೆ. ಕುರುಬರ ಹುಡುಗ ಅಲ್ಲೇನ?"

"ಹೂಂ ಅವ್ವಾ."

ನೀಲಾಬಾಯಿ ಬಸವಣ್ಣನ ಫೋಟೋ ಕಡೆ ನೋಡಿದಳು. "ದಿನಾ ಈತನ ಮುಂದ ದೀಪಾ ಹಚ್ಚಿ, ಈಗ ಕುಲಾ ಕೇಳಿದ್ರ ಈತ ನನಗ ನಗ್ತಾನ. ಅವರವ್ವನ್ನ ಕರಕೊಂಡ್ ಬರಾಕ ಹೇಳು."

ಯುಗಾದಿಗೆ ನಿಂಗರಾಜ ತಾಯಿ ಬೋರವ್ವನನ್ನು ಕರೆತಂದ. ಒಳಗೆ ಇಬ್ಬರು ತಾಯಂದಿರು ಹಬ್ಬದ ಬೇವಿನ ಪಾನಕ ಕುಡಿಯುತ್ತ ಮಾತಿಗೆ ಕೂತರು. ಹಿಂದಿನ ಕೋಣೆಯಲ್ಲಿ ಶಿವಗಂಗಾ ಆ ಜೋಡಿಸಿದ ತುಂಡನ್ನು ಅವನ ಕೈಗಿಟ್ಟಳು.

"ಎಳೀರಿ ನೋಡೋಣ."

ಅವನು ಎಳೆದ. ಮೊಣಕಾಲಿಗೆ ಆನಿಸಿ ಎಳೆದ. ಎಮ್ಮೆಯ ಕರು ಹೊರಗೆಳೆಯುವ ತೋಳುಗಳು ಅವು, ಆದರೂ ಅದು ಕೂದಲೆಳೆಯಷ್ಟೂ ಸರಿಯಲಿಲ್ಲ.

"ಬರವಲ್ದು," ಎಂದ ಏದುಸಿರು ಬಿಡುತ್ತ.

"ನಾನೂ ದಿನಾ ಎಳದ್ ಎಳದ್ ನೋಡೀನ್ರಿ."

"ಬರಲಿ ಅಂತನೋ, ಬರಬಾರದು ಅಂತನೋ?"

ಶಿವಗಂಗಾ ತುಂಡನ್ನು ಅವನ ಕೈಯಿಂದ ತೆಗೆದು ಕಿಟಕಿಯ ಮೇಲಿಟ್ಟಳು. ಬರಿದಾದ ಅವನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದಳು.

"ಮೊದಲನೇ ದಿನ ಹೆದರಿ ಎಳದೆ," ಎಂದಳು. "ಆಮ್ಯಾಲ ಬರಂಗಿಲ್ಲ ಅಂತ ಗೊತ್ತಾದ ಮ್ಯಾಲ, ಆ ಖುಷಿಗೇ ಎಳದೀನಿ."