ಯಜಮಾನರ ಮೊಳ

ನಮ್ಮ ಟ್ರ್ಯಾಕ್ಟರ್ ಶೆಡ್ಡಿನ ಎಂಟು ಕಂಬಗಳಲ್ಲೂ ಡಾಂಬರಿನ ಕಪ್ಪು ನೆಲದಿಂದ ಒಂದೂವರೆ ಗೇಣು ಮೇಲಿನವರೆಗೆ ಕಾಣುತ್ತದೆ. ಅದು ಮಣ್ಣಿನೊಳಗೆ ಇರಬೇಕಾದ ಡಾಂಬರು. ಬಂದವರು ಏಕೆಂದು ಕೇಳಿದರೆ ಗೆದ್ದಲಿಗೆ ಎಂದುಬಿಡುತ್ತೇನೆ. ಸುಳ್ಳು ಹೇಳುವುದು ನನಗೆ ಹೊಸದೇನಲ್ಲ. ಆ ಶೆಡ್ಡು ಎದ್ದದ್ದೇ ನನ್ನದೊಂದು ಸುಳ್ಳಿನಿಂದ.

ಎಪ್ಪತ್ತೊಂದನೇ ಇಸವಿ, ಅವರೆಕಾಯಿ ಕಾಲ. ಅನುಗೊಂಡನಹಳ್ಳಿಯ ನಮ್ಮ ಮನೆಗೆ ಟ್ರ್ಯಾಕ್ಟರ್ ಬರುವುದಿತ್ತು. ಅದಕ್ಕೂ ನೇಗಿಲು, ಕುಂಟೆ, ಟ್ರೈಲರಿಗೂ ನೆರಳು ಮಾಡಲು ಅಪ್ಪ ನಂದಗುಡಿಯ ಸೊಣ್ಣಪ್ಪನನ್ನು ಕರೆಸಿದರು. ಅವನೂ ನಮ್ಮಂತೆ ರೈತರ ಮನೆಯವನೇ. ಬೆಂಗಳೂರಿನಲ್ಲಿ ಎರಡು ವರ್ಷ ಕೆಲಸಕ್ಕಿದ್ದು, ಗೋಡೆಯಿಲ್ಲದೆ ಬರೀ ನೀಲಗಿರಿ ಕಂಬ ನೆಟ್ಟು ತಗಡು ಹೊದಿಸುವ ಶೆಡ್ಡು ಕಟ್ಟುವುದನ್ನು ಕಲಿತು ಬಂದಿದ್ದ.

ಅವನು ಬಂದಾಗ ನಾನು ಜಗಲಿಯ ಮೇಲೆ ಕೂತು ಅವರೆಬೇಳೆ ಹಿದುಕುತ್ತಿದ್ದೆ.

“ಲಕ್ಷ್ಮಯ್ಯನೋರ ಮನೆ ಇದೇನಾ?”

“ಇದೇ. ನೀವ್ಯಾರು?”

ಅವನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಒಳಗಿಂದ, “ಅಕ್ಕಯಮ್ಮಾ, ಯಾರೇ ಅದು?” ಎಂದು ಕೂಗಿದಳು. ಅವನ ಮೀಸೆಯ ಕೆಳಗೆ ನಗು ಬಂತು.

“ಒಳ್ಳೆ ಫಜೀತಿ ಕಣ್ರೀ ನಿಮ್ಮ ಹೆಸರು. ಅರ್ಧ ಕರೆದ್ರೆ ಅಕ್ಕ ಆಗ್ತೀರ. ಇನ್ನರ್ಧ ಕರೆದ್ರೆ ಅಮ್ಮ ಆಗ್ತೀರ. ನಾನೇನಂತ ಕರೀಲಿ?”

“ನೀವ್ಯಾಕೆ ಕರೀಬೇಕು? ಬಂದ ಕೆಲ್ಸ ನೋಡ್ಕೊಳ್ಳಿ.”

ಹಾಗೆಂದೆನೇ ಹೊರತು, ಆಮೇಲೆ ನೋಡಿದರೆ ಬೇಳೆ ಸಿಪ್ಪೆಯ ಮೊರದಲ್ಲಿತ್ತು, ಸಿಪ್ಪೆ ಪಾತ್ರೆಯಲ್ಲಿತ್ತು.

ಅಪ್ಪ ಅವನನ್ನು ಕಣದ ಪಕ್ಕದ ಜಾಗಕ್ಕೆ ಕರೆದುಕೊಂಡು ಹೋದರು. ಸೊಣ್ಣಪ್ಪ ಚೀಲದಿಂದ ಟೇಪು ತೆಗೆದದ್ದೇ ತಡ, ಅಪ್ಪ ಕೈ ಅಡ್ಡ ಹಿಡಿದರು.

“ಅದನ್ನ ಒಳಗಿಡಯ್ಯ. ಟೇಪಿಗೆ ಯಜಮಾನ ಯಾರು?”

ನಮ್ಮ ಕಡೆ ಮನೆಯಾಗಲಿ ಕೊಟ್ಟಿಗೆಯಾಗಲಿ, ಯಜಮಾನನ ಮೊಳದಲ್ಲೇ ಅಳೆಯಬೇಕು. ಮೊಣಕೈಯಿಂದ ನಡುಬೆರಳ ತುದಿಯವರೆಗೆ ದಾರ ಹಿಡಿದು ಗಂಟು ಹಾಕಿದರೆ ಅದೇ ಅಳತೆ. ಆ ಮೊಳದಿಂದ ಲೆಕ್ಕ ಹಾಕಿದಾಗ ವಾಸ್ತುವಿನ ಎಂಟು ಆಯಗಳಲ್ಲಿ ಒಳ್ಳೆಯದೊಂದು ಕೂಡಿಬಂದರೆ ಕಟ್ಟಿದ್ದು ಏಳಿಗೆಯಾಗುತ್ತದೆಂದು ನಂಬಿಕೆ.

“ಯಾವ ಆಯ ಬರ್ಲಿ ಯಜಮಾನ್ರೇ? ವೃಷಭಾಯ ಅನ್ನೋಣ ಅಂದ್ರೆ ಎತ್ತೇ ಇರಲ್ಲ. ಹೊಗೆ ಬಿಡೋ ಗಾಡಿ, ಧೂಮಾಯ ಮಾಡ್ಬಿಡ್ಲಾ?” ಎಂದ ಸೊಣ್ಣಪ್ಪ. ಅಪ್ಪನಿಗೂ ನಗು ತಡೆಯಲಿಲ್ಲ.

“ಆಯ ನಾನು ನೋಡ್ಕೊಂಡಿದೀನಿ. ಎತ್ತರ ಮಾತ್ರ ಐದು ಮೊಳ ಇರ್ಲಿ. ಹೊಸಕೋಟೆಲಿ ಆ ಟ್ರ್ಯಾಕ್ಟರನ್ನ ಹೊಗೆ ಕೊಳವೆ ಸೇರಿಸಿ ನನ್ನ ಕೈಯಲ್ಲೇ ಅಳೆದು ಬಂದಿದೀನಿ. ನಾಲ್ಕೂಮುಕ್ಕಾಲಾಗುತ್ತೆ. ದಾರ ನಾಳೆ ಕೊಡ್ತೀನಿ.”

ಮರುದಿನ ಕೋಳಿ ಕೂಗುವ ಮೊದಲೇ ಅಪ್ಪ ಎತ್ತುಗಳನ್ನು ಹೊಡೆದುಕೊಂಡು ಘಾಟಿಯ ದನದ ಜಾತ್ರೆಗೆ ಹೊರಟುಬಿಟ್ಟರು. ಮಾರಲು ಹೊರಟ ಎತ್ತುಗಳ ಮುಖ ನೋಡಿ ಅವರ ಮನಸ್ಸು ಎಲ್ಲಿತ್ತೋ, ದಾರ ಮರೆತರು. ವಾಪಸು ಬರುವುದು ಹತ್ತು ದಿನಕ್ಕೆ.

ಸೊಣ್ಣಪ್ಪ ಚೀಲ ಹೆಗಲಿಗೆ ಹಾಕಿಕೊಂಡ.

“ಮೊಳ ಇಲ್ದೆ ಕಂಬ ಕುಯ್ಯೋಕಾಗಲ್ಲ. ನಮ್ಮೂರ ಕೊಂಡಪ್ಪನೋರು ಎರಡು ಶೆಡ್ ಕಟ್ಕೊಡು ಅಂತಿದಾರೆ. ಅದನ್ನ ಮುಗಿಸಿ ಯುಗಾದಿ ಆದ್ಮೇಲೆ ಬರ್ತೀನಿ.”

ಯುಗಾದಿಗೆ ಮೂರು ತಿಂಗಳಿತ್ತು.

“ನಿಂತ್ಕೊಳ್ಳಿ. ಅಪ್ಪ ದಾರ ಕೊಟ್ಟೇ ಹೋಗಿದಾರೆ. ನಾನೇ ಮರೆತಿದ್ದೆ.”

ಒಳಗೆ ಓಡಿ, ಹೂ ಕಟ್ಟುವ ದಾರವನ್ನು ನನ್ನ ಮೊಣಕೈಯಿಂದ ನಡುಬೆರಳಿಗೆ ಎಳೆದು ಹಲ್ಲಲ್ಲಿ ಕಚ್ಚಿ ಗಂಟು ಹಾಕಿದೆ. ಅದರ ಫಲ ಏನಾದೀತೆಂದು ಒಂದು ಗಳಿಗೆಯೂ ಯೋಚಿಸಲಿಲ್ಲ. ಅವನು ಹೋಗಬಾರದು, ಅಷ್ಟೇ ಇತ್ತು ತಲೆಯಲ್ಲಿ.

ಸೊಣ್ಣಪ್ಪ ದಾರ ಹಿಡಿದು ನೋಡಿದ. ಆಮೇಲೆ ನನ್ನನ್ನು ನೋಡಿದ.

“ನಿಮ್ಮಪ್ಪ ಆರಡಿ ಆಳು. ಮೊಳ ಇಷ್ಟೇನಾ?”

“ಅವ್ರಿಗೆ ಕಾಲು ಉದ್ದ, ಕೈ ಗಿಡ್ಡ.”

ಅವನು ಬಹಳ ಹೊತ್ತು ನನ್ನ ಕಣ್ಣಿನಿಂದ ಕಣ್ಣು ತೆಗೆಯಲಿಲ್ಲ. ಕಡೆಗೆ ಚೀಲ ಕೆಳಗಿಟ್ಟು, “ಹಂಗಾದ್ರೆ ಸರಿ,” ಎಂದ.

ಆ ಹತ್ತು ದಿನ ನಾನು ನೆಲದ ಮೇಲೆ ನಡೆದ ನೆನಪಿಲ್ಲ. ಅವನು ಕಂಬಗಳ ಬುಡವನ್ನು ಬೆಂಕಿಯಲ್ಲಿ ಸುಟ್ಟು ಡಾಂಬರು ಬಳಿಯುತ್ತಿದ್ದ. ಗುಂಡಿಯಲ್ಲಿ ಕಂಬ ನಿಲ್ಲಿಸಿ, ನೆಟ್ಟಗಿದೆಯೇ ನೋಡಲು ತೂಕದ ಗುಂಡನ್ನು ನನ್ನ ಕೈಗೆ ಕೊಡುತ್ತಿದ್ದ.

“ಕೈ ಅಲ್ಲಾಡಿಸ್ಬೇಡಿ.”

“ನಾನೆಲ್ಲಿ ಅಲ್ಲಾಡಿಸ್ತಿದೀನಿ? ನೀವು ಕಂಬ ನೋಡಿ.”

“ಕಂಬಾನೇ ನೋಡ್ತಿದೀನಿ.”

“ಕಂಬಕ್ಕೇನು ಜಡೆ ಇದ್ಯಾ?”

ಅವನ ಕಿವಿ ಕೆಂಪಾಯಿತು. ಅವನ ಕೆನ್ನೆಗೆ ಡಾಂಬರು ಮೆತ್ತಿದ್ದನ್ನು ನಾನು ಹೇಳಲಿಲ್ಲ. ಹೇಳಿದರೆ ಒರೆಸಿಕೊಳ್ಳುತ್ತಿದ್ದ.

ಅಪ್ಪ ಜಾತ್ರೆಯಿಂದ ಬರುವಷ್ಟರಲ್ಲಿ ತೊಲೆ ಏರಿ ತಗಡು ಕೂತಿತ್ತು. ಅಪ್ಪ ಒಂದು ಸುತ್ತು ಬಂದು, ಕತ್ತೆತ್ತಿ ನೋಡಿ, “ಯಾಕೋ ಕುಳ್ಳಗದೆ,” ಎಂದರು. ದಾರ ಕೊಟ್ಟೇ ಹೋಗಿದ್ದೆನೆಂದು ಅವರ ನಂಬಿಕೆ. ಸೊಣ್ಣಪ್ಪ ಬಗ್ಗಿ ಉಳಿದ ಮೊಳೆ ಆರಿಸತೊಡಗಿದ. ನಾನು ಎಮ್ಮೆಗೆ ನೀರು ಕುಡಿಸುವ ನೆಪದಲ್ಲಿ ಅಲ್ಲಿಂದ ಜಾರಿಕೊಂಡೆ. ಮರುದಿನವೇ ಟ್ರ್ಯಾಕ್ಟರ್ ಬಂತು.

ಕುಂಕುಮ ಇಟ್ಟು, ನಿಂಬೆಹಣ್ಣು ಚಕ್ರದಡಿ ಇಟ್ಟು, ಊರಿಗೆ ಊರೇ ನೋಡುತ್ತಿರುವಾಗ ಡ್ರೈವರ್ ಗಾಡಿಯನ್ನು ಶೆಡ್ಡಿನೊಳಗೆ ಬಿಟ್ಟ. ಹೊಗೆ ಕೊಳವೆ ಮುಂದಿನ ತೊಲೆಗೆ ಬಡಿದು ಬಾಗಿತು. ತೊಲೆ ಸೀಳಿತು. ಹೊಸ ಗಾಡಿಯ ಮೇಲೆ ತಗಡು ಜಾರಿತು. ಮೊದಲು ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು.

ಅಪ್ಪ ನಗಲಿಲ್ಲ.

“ಐದು ಮೊಳ ಅಳೆಯೋಕೆ ಬರ್ದೋನು ಯಾಕಯ್ಯಾ ಈ ಕಸುಬಿಗೆ ಬಂದೆ? ನಿನ್ನ ಕೈಲಿ ಕೋಳಿಗೂಡೂ ಕಟ್ಟಿಸ್ಬಾರ್ದು!”

ಒಂದು ಮಾತು ಸಾಕಿತ್ತು. ‘ಅಪ್ಪಾ, ದಾರ ಕೊಟ್ಟೋಳು ನಾನು’ ಎಂದರೆ ಮುಗಿಯುತ್ತಿತ್ತು. ಸೊಣ್ಣಪ್ಪ ಗುಂಪಿನಲ್ಲಿ ನನ್ನನ್ನು ಹುಡುಕಿ ನೋಡಿದ. ನಾನು ಅವ್ವನ ಬೆನ್ನ ಹಿಂದೆ ನಿಂತು ನೆಲ ನೋಡಿದೆ. ಅವನು ನನ್ನ ಹೆಸರೆತ್ತಲಿಲ್ಲ. “ತಪ್ಪಾಯ್ತು ಯಜಮಾನ್ರೇ,” ಎಂದು ಚೀಲ ಎತ್ತಿಕೊಂಡು ಹೋದ.

ಇಂದಿಗೂ ಹೇಳುತ್ತೇನೆ, ಆ ದಿನದ ನನ್ನನ್ನು ನಾನು ಕ್ಷಮಿಸಿಲ್ಲ. ಸುಳ್ಳು ಹೇಳಿದ್ದು ಆಸೆಗೆ. ಸುಮ್ಮನಿದ್ದದ್ದು ಬರೀ ಹೇಡಿತನಕ್ಕೆ.

ಟ್ರ್ಯಾಕ್ಟರ್ ಅಂಗಳದಲ್ಲಿ ಟಾರ್ಪಾಲು ಹೊದ್ದು ನಿಂತಿತು. ಬಾಗಿಲು ದಾಟಿದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು. ಎಂಟನೆಯ ದಿನ ಹೊಸಕೋಟೆ ಸಂತೆಯಿಂದ ಬಂದ ಅಪ್ಪ ಕಾಲು ತೊಳೆಯುತ್ತಾ ಅವ್ವನಿಗೆ ಹೇಳಿದರು:

“ಕೊಂಡಪ್ಪ ಆ ಸೊಣ್ಣಪ್ಪನ್ನ ಕೆಲ್ಸದಿಂದ ಬಿಡಿಸ್ಬಿಟ್ನಂತೆ. ಇನ್ಯಾರು ಕರೀತಾರೆ ಅವನ್ನ? ಕಲ್ಲು ಹೊಡೆಯೋಕೆ ಹೋಗ್ತಿದಾನಂತೆ.”

ನಾನು ಕೈಯಲ್ಲಿದ್ದ ಚೊಂಬು ಕೆಳಗಿಟ್ಟೆ.

“ಅಪ್ಪಾ, ಆ ಮೊಳ ನಂದು.”

ಅವರಿಗೆ ಅರ್ಥವಾಗಲಿಲ್ಲ. ಎಲ್ಲವನ್ನೂ ಹೇಳಿದೆ, ಅವನು ಹೋಗಬಾರದೆಂದು ಕೊಟ್ಟೆ ಎನ್ನುವುದನ್ನೂ ಸೇರಿಸಿ. ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಅಪ್ಪ ನನ್ನ ಕೈ ಹಿಡಿದೆಳೆದು ತಮ್ಮ ಕೈಯ ಪಕ್ಕ ಇಟ್ಟು ನೋಡಿದರು. ನನ್ನ ನಡುಬೆರಳು ಅವರ ಬೆರಳಿನ ಬುಡಕ್ಕೇ ನಿಂತಿತ್ತು.

“ತೊಲೆ ಹೋದ್ರೆ ಇನ್ನೊಂದು ತರ್ಬೋದು ಕಣಮ್ಮ. ಒಬ್ಬನ ಹೆಸರು ತೆಗೆದ್ಯಲ್ಲ,” ಎಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಮರುದಿನ ಇಬ್ಬರೂ ನಂದಗುಡಿ ಬಸ್ಸು ಹತ್ತಿದೆವು. ಕೊಂಡಪ್ಪನವರ ಜಗಲಿಗೆ ಸೊಣ್ಣಪ್ಪನನ್ನು ಕರೆಸಲಾಯಿತು. ಕೈಗೆಲ್ಲ ಕಲ್ಲಿನ ಪುಡಿ ಮೆತ್ತಿತ್ತು. ಅಷ್ಟೂ ಜನರ ಮುಂದೆ ನಾನು ಹೇಳಿದೆ:

“ಅಳತೆ ತಪ್ಪಿದ್ದು ಇವರಲ್ಲ. ಅಪ್ಪಂದು ಅಂತ ನನ್ನ ಮೊಳ ಕೊಟ್ಟೆ. ಇವರು ಸರಿಯಾಗೇ ಕಟ್ಟಿದ್ರು.”

ಕೊಂಡಪ್ಪ ಏನೋ ಹೇಳಹೊರಟರು. ಸೊಣ್ಣಪ್ಪ ತಡೆದ.

“ಇಲ್ಲ. ಇವ್ರೊಬ್ರದೇ ಅಂದ್ರೆ ಅನ್ಯಾಯ ಆಗುತ್ತೆ.” ಅವನು ಅಂಗಿಯ ಜೇಬಿನಿಂದ ಆ ದಾರ ತೆಗೆದ. ಒಂದು ತುದಿಯಲ್ಲಿ ಕನಕಾಂಬರದ ಎಸಳು ಒಣಗಿ ಅಂಟಿತ್ತು. “ಇದನ್ನ ಕೈಗೆ ತಗೊಂಡ ತಕ್ಷಣ ಗೊತ್ತಾಯ್ತು. ಲಕ್ಷ್ಮಯ್ಯನೋರು ಹೂ ಮುಡಿಯಲ್ಲ. ಟೇಪು ನನ್ನ ಚೀಲದಲ್ಲೇ ಇತ್ತು. ತೆಗೀಲಿಲ್ಲ. ತೆಗೆದ್ರೆ ಊರಿಗೆ ವಾಪಸ್ ಹೋಗ್ಬೇಕಾಗ್ತಿತ್ತು.”

ಅಪ್ಪ ನನ್ನನ್ನೊಮ್ಮೆ, ಅವನನ್ನೊಮ್ಮೆ ನೋಡಿ ತಲೆಯ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡರು.

“ಇಬ್ರೂ ಸೇರಿ ಕೆಡಿಸಿದೀರ. ಇಬ್ರೂ ಸೇರಿ ಸರಿ ಮಾಡಿ. ಮಿಕ್ಕಿದ್ದು ಆಮೇಲೆ ನೋಡೋಣ.”

ಸೊಣ್ಣಪ್ಪ ಮತ್ತೆ ಬಂದ. ತೊಲೆ, ತಗಡು ಇಳಿಸಿದೆವು. ಗುಂಡಿಗಳಲ್ಲಿ ಒಂದೊಂದು ದಪ್ಪ ಕಲ್ಲು ಕೊಟ್ಟು, ಎಂಟು ಕಂಬಗಳನ್ನೂ ಒಂದೂವರೆ ಗೇಣು ಮೇಲೆತ್ತಿ, ಸುತ್ತ ಜಲ್ಲಿ ಕುಟ್ಟಿದೆವು. ಮಣ್ಣೊಳಗಿದ್ದ ಡಾಂಬರು ಮೇಲೆ ಬಂದು ನನ್ನ ತಪ್ಪನ್ನು ಎಂಟು ಕಡೆ ಬರೆದಂತೆ ನಿಂತಿತು. ಅದನ್ನು ಕೆರೆಯಲೇ ಎಂದು ಅವನು ಕೇಳಿದ. ಬೇಡವೆಂದೆ.

ಹೊಸ ತೊಲೆ ಅಳೆಯುವ ದಿನ ಅಪ್ಪ ಕಣದಲ್ಲೇ ಇದ್ದರು. ಸೊಣ್ಣಪ್ಪ ಹೊಸ ದಾರ ಹಿಡಿದು ಅವರ ಬಳಿಗೆ ಹೋದ. ಅವರು ಕೈಕಟ್ಟಿ ನಿಂತರು.

“ನನ್ನನ್ಯಾಕೆ ಕೇಳ್ತೀಯ? ಈ ಶೆಡ್ಡು ಎದ್ದಿರೋದು ಯಾರ ಮೊಳದಲ್ಲೋ ಅವ್ರನ್ನೇ ಕೇಳು. ಈ ಸಲ ಟೇಪೂ ಹಿಡಿ,” ಎಂದು ನೀರಿನ ನೆಪ ಹೇಳಿ ಮನೆಯೊಳಗೆ ಹೋದರು.

ಸೊಣ್ಣಪ್ಪ ನನ್ನ ಮುಂದೆ ಬಂದು ನಿಂತ. ಇಷ್ಟು ದಿನವಾದರೂ ಅವನು ನನ್ನನ್ನು ಏನೆಂದೂ ಕರೆದಿರಲಿಲ್ಲ.

“ಯಜಮಾನ್ರೇ,” ಎಂದ ಮೆಲ್ಲಗೆ. “ಕೈ ಕೊಡ್ತೀರಾ?”

ನನಗೆ ಕಣ್ಣು ತುಂಬಿತು. “ಒಂದ್ಸಲ ಕೈ ಕೊಟ್ಟಿದೀನಲ್ಲ ನಿಮ್ಗೆ. ಎಲ್ರ ಮುಂದೆ. ಅದು ಸಾಲ್ದಾ?”

“ಅದು ಆ ಕೈ ಕೊಡೋದು. ನಾನು ಕೇಳ್ತಿರೋದು ಈ ಕೈ.”

ನಾನು ಮುಂಗೈ ಚಾಚಿದೆ. ಅವನು ದಾರದ ತುದಿಯನ್ನು ನನ್ನ ಮೊಣಕೈಗೆ ಇಟ್ಟು, ನಡುಬೆರಳಿನವರೆಗೆ ನಿಧಾನವಾಗಿ ಎಳೆದು, ಗಂಟು ಹಾಕಿದ. ಗಂಟು ಬಿದ್ದ ಮೇಲೂ ಕೈ ಬಿಡಲಿಲ್ಲ.