ಹಳದಿ ಕಲ್ಲಿಗೆ ಎಣ್ಣೆ

"ಎಣ್ಣೆ ಹಾಕ್ಬೇಕು," ಅಂದುಬಿಟ್ಟಳು ಫೆರ್ನಾಂಡ್. "ಧಾರಾಳವಾಗಿ. ಇಲ್ಲದಿದ್ರೆ ಈ ಹಳದಿ ಕಲ್ಲು ಕೆಲಸಾನೇ ಮಾಡಲ್ಲ."

ತಾತನ ಸಾಣೆಕಲ್ಲಿನ ಅಂಗಡಿಯ ಮೂಲೆಯಲ್ಲಿ ಕೂತಿದ್ದ ಅವಳ ಗೆಳತಿ ಪೋಲಿನ್ ಸ್ಕೂಲ್ ಬ್ಯಾಗನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ಕಿಸಕ್ಕನೆ ನಕ್ಕಳು. ನಗದೆ ಏನು? ಅವರ ಊರಿನ ಗುಡ್ಡ ಅಗೆದು ತೆಗೆಯುವ ಆ ಸಾಣೆಕಲ್ಲಿಗೆ ನೀರು ಬಿಟ್ಟು ಬೇರೇನೂ ಹಾಕಬಾರದು. ಎಣ್ಣೆ ಕುಡಿದ ಕಲ್ಲು ಕತ್ತಿಯನ್ನು ಮಸೆಯುವುದಿಲ್ಲ, ಸುಮ್ಮನೆ ಜಾರಿಸುತ್ತದೆ. ಅಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಇದು ಗೊತ್ತು.

ಕಲ್ಲು ಕೊಳ್ಳಲು ಬಂದಿದ್ದ ಲಾಂಬೆರ್‌ಗೆ ಗೊತ್ತಿರಲಿಲ್ಲ. ಅವನು ಬಯಲುಸೀಮೆಯ ಹುಡುಗ. ಕ್ಷೌರದ ಅಂಗಡಿಯ ಯಜಮಾನ ಕೊಲಾರ್ ಕೈಕೆಳಗೆ ಕೆಲಸ ಕಲಿಯಲು ಹೊಸದಾಗಿ ಸೇರಿದ್ದ. "ನಾನಿನ್ನೂ ಕಲಿಯೋನು ತಂಗಿ. ನನ್ನ ಕತ್ತಿಗೆ ಯಾವ ಕಲ್ಲು ಸರಿ, ನೀನೇ ಹೇಳು," ಅಂತ ಕೇಳಿದ್ದ. ತಾತ ಹಿಂದಿನ ಶೆಡ್ಡಿನಲ್ಲಿ ಕಲ್ಲು ಕೊಯ್ಯುತ್ತಿದ್ದ. ಫೆರ್ನಾಂಡ್ ದೊಡ್ಡ ಯಜಮಾನಿಯ ಹಾಗೆ ಕಪಾಟಿಗೆ ಕೈ ಹಾಕಿ, ಗಾಜಿನಂತೆ ಗಟ್ಟಿಯಾದ, ಒಂದು ಗೆರೆಯೂ ಇಲ್ಲದ ಕಲ್ಲು ತೆಗೆದುಕೊಟ್ಟಿದ್ದಳು.

"ರಾಜನ ಗಡ್ಡ ಬೋಳಿಸೋರು ಇದನ್ನೇ ಇಟ್ಕೊಳ್ಳೋದು."

"ಹೌದಾ?" ಅಂದ ಲಾಂಬೆರ್, ಖುಷಿಯಿಂದ. ಎಣ್ಣೆಯ ಮಾತನ್ನೂ ತಲೆಯಾಡಿಸಿ ಕೇಳಿಸಿಕೊಂಡು ಹೋದ.

ಮುಂದಿನ ಗುರುವಾರ ಮಧ್ಯಾಹ್ನ ಸ್ಕೂಲಿಗೆ ರಜೆ. ಫೆರ್ನಾಂಡ್ ಅಂಗಡಿಯಲ್ಲಿ ತಾತನ ಪಕ್ಕ ಕೂತು ಸೇಬಿನ ಪಾಕ ಸವರಿದ ಬ್ರೆಡ್ ತಿನ್ನುತ್ತಿದ್ದಳು. ಬಾಗಿಲಲ್ಲಿ ಲಾಂಬೆರ್ ನಿಂತಿದ್ದ. ಅವನ ಮುಖ ನೋಡಿ ಅವಳು ಬ್ರೆಡ್ ಕೆಳಗಿಟ್ಟಳು. ಕೆನ್ನೆ, ಗದ್ದ, ಕುತ್ತಿಗೆ, ಎಲ್ಲ ಕಡೆ ಗೀರು.

"ಯಾರ ಜೊತೆ ಜಗಳ ಮಾಡ್ಕೊಂಡ್ಯೋ?" ಅಂತ ತಾತ ಕೇಳಿದ.

"ನನ್ನ ಜೊತೇನೇ, ತಾತ. ಬೇರೆಯವರ ಮುಖಕ್ಕೆ ಕತ್ತಿ ಇಡೋ ಮೊದಲು ನನ್ನ ಮುಖದ ಮೇಲೇ ಆಡಿಸಿ ನೋಡ್ದೆ." ಅವನು ನಗಲು ನೋಡಿದ, ಆಗಲಿಲ್ಲ. "ಆಮೇಲೆ ಅಂಚೆಯವರ ಕೆನ್ನೆ ಕುಯ್ದೆ. ಈ ಶನಿವಾರಾನೂ ಕತ್ತಿ ಹೀಗೇ ಎಳೆದ್ರೆ ಊರಿಗೆ ಹೋಗು ಅಂದಿದ್ದಾರೆ ಯಜಮಾನ್ರು. ಈ ಕಲ್ಲು ಒಳ್ಳೆ ಕೈ ಇರೋರಿಗೆ ಕೊಡಿ. ಕಲ್ಲಿನ ತಪ್ಪಿಲ್ಲ. ಈ ತಂಗಿ ಎಲ್ಲಾ ಸರಿಯಾಗೇ ಹೇಳ್ಕೊಟ್ಟಿದ್ಲು."

ಫೆರ್ನಾಂಡ್‌ಗೆ ಕಿವಿ ಬಿಸಿಯಾಯಿತು. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಇವನು ಹೊಗಳುತ್ತಿದ್ದಾನೆ.

ತಾತ ಕಲ್ಲನ್ನು ಮೂಸಿ ನೋಡಿದ. "ಎಣ್ಣೆ. ಇದಕ್ಕೆ ಎಣ್ಣೆ ಹಾಕು ಅಂತ ಯಾವ ಕತ್ತೆ ಹೇಳ್ತು?"

ಲಾಂಬೆರ್ ಫೆರ್ನಾಂಡ್ ಕಡೆ ನೋಡಿದ. ಅವನಿಗೆ ಆಗ ಅರ್ಥವಾಯಿತು. ಮುಖ ಪೆಚ್ಚಾಯಿತು. ಕಣ್ಣು ತಗ್ಗಿಸಿ, "ಯಾರೂ ಹೇಳ್ಲಿಲ್ಲ. ನಾನೇ ಹಾಕ್ದೆ," ಅಂದ.

ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಫೆರ್ನಾಂಡ್ ಸುಮ್ಮನಿರಲು ನೋಡಿದಳು. ಆಗಲಿಲ್ಲ.

"ನಾನು ಹೇಳಿದ್ದು ತಾತ."

"ಯಾಕೆ?"

"ನಗೋಕೆ."

"ನಗು ಬಂತಾ?"

"ಬಂತು," ಅಂದಳು. ದನಿ ಅವಳಿಗೇ ಕೇಳಿಸಲಿಲ್ಲ.

ತಾತನ ಸಿಟ್ಟು ಊರಿಗೆಲ್ಲ ಗೊತ್ತು. ಅವನು ಕೂಗಾಡುತ್ತಾನೆ ಅಂತ ಅವಳು ಕಾದಳು. ಅವನು ಸ್ಟೂಲ್ ಎಳೆದು ಕೂತುಕೊಂಡ. "ನೀನು ಕೆಡಿಸಿದ್ದು ನೀನೇ ಸರಿ ಮಾಡು. ಅವನಿಗೆ ಕಲ್ಲು ಆರಿಸು," ಅಂದ.

ಫೆರ್ನಾಂಡ್ ಕಪಾಟಿನ ಮುಂದೆ ನಿಂತಳು. ಮತ್ತೆ ಆ ಫಳಫಳ ಹೊಳೆಯುವ ಕಲ್ಲುಗಳತ್ತಲೇ ಕೈ ಹೋಯಿತು. ಹಿಂದಕ್ಕೆ ತೆಗೆದಳು.

"ಅಣ್ಣ, ಕತ್ತಿ ಹೇಗೆ ಹಿಡೀತೀಯ? ತೋರ್ಸು."

ಅವನು ತೋರಿಸಿದ. ಹೆದರಿದವರ ಹಾಗೆ ಬಿಗಿಯಾಗಿ ಒತ್ತುತ್ತಿದ್ದ. ಅಷ್ಟು ಒತ್ತುವ ಕೈಗೆ ಗಟ್ಟಿ ಕಲ್ಲು ಕೊಟ್ಟರೆ ಅಲಗು ಮುಕ್ಕಾಗದೆ ಇನ್ನೇನು? ಮೊದಲ ದಿನ ಅವನ ಕೈಯನ್ನೇ ಅವಳು ನೋಡಿರಲಿಲ್ಲ.

ಕೆಳಗಿನ ಸಾಲಿನಿಂದ ಅಗಲವಾದ, ಸ್ವಲ್ಪ ಮೆತ್ತಗಿನ ಕಲ್ಲೊಂದನ್ನು ತೆಗೆದಳು. ಅಂಚಿನಲ್ಲಿ ನೇರಳೆ ಕಲೆ, ನೋಡಲು ಚಂದವಿಲ್ಲ. ನೀರು ಚಿಮುಕಿಸಿ ಸಣ್ಣ ಕಲ್ಲಿನ ಚೂರಿನಿಂದ ಉಜ್ಜಿದಳು. ಹಾಲಿನಂಥ ಕೆಸರು ಎದ್ದಿತು.

"ಈ ಕೆಸರೇ ಮಸೆಯೋದು. ನೀನು ಒತ್ಬೇಡ. ಕತ್ತಿಯ ಭಾರವೇ ಸಾಕು."

ಲಾಂಬೆರ್ ಮಸೆದ. ಸ್ವಲ್ಪ ಸ್ವಲ್ಪವಾಗಿ ನೀರು ಸೇರಿಸಿ ಕೆಸರು ತಿಳಿಯಾಗುವ ತನಕ ಮಸೆದ. ಭುಜ ಇಳಿಯಿತು, ಬೆರಳು ಸಡಿಲವಾಯಿತು. ಕೊನೆಗೆ ಅಲಗನ್ನು ಒರೆಸಿ ಮುಂಗೈ ಮೇಲೆ ಆಡಿಸಿದ. ಕೂದಲು ತಾನಾಗಿ ಉದುರಿತು.

"ಶನಿವಾರ ಇಲ್ಲೇ ಇರ್ತೀನಿ ಬಿಡು," ಅಂತ ತನಗೆ ತಾನೇ ಹೇಳಿಕೊಂಡ. ಈ ಸಲ ನಗು ಬಂತು. ಕೆನ್ನೆಯ ಗೀರು ಎಳೆದಂತಾಗಿ, "ಸ್ಸ್" ಅಂದ.

"ಕೆಲಸ ಮುಗಿದ ಮೇಲೆ ಬರೀ ನೀರಲ್ಲಿ ತೊಳೀಬೇಕು," ಅಂದಳು ಫೆರ್ನಾಂಡ್. "ನೆರಳಲ್ಲಿ ಒಣಗಿಸ್ಬೇಕು. ಒಲೆ ಹತ್ರ ಇಡ್ಬೇಡ."

ಲಾಂಬೆರ್ ತಲೆಯಾಡಿಸಿದ. ಆದರೆ ಅವನ ಕಣ್ಣು ಮೆಲ್ಲಗೆ ತಾತನ ಕಡೆ ಹೋಯಿತು. ತಾತ ಹೌದು ಅಂತ ಗೋಣು ಹಾಕಿದ. ಆಮೇಲಷ್ಟೇ ಅವನು ಕಲ್ಲನ್ನು ಬಟ್ಟೆಯಲ್ಲಿ ಸುತ್ತಿಕೊಂಡ.

ಫೆರ್ನಾಂಡ್ ಅದನ್ನು ನೋಡಿದಳು. ಅವನು ಹೊರಗೆ ಹೋಗಲು ಬಾಗಿಲು ತೆರೆದು ಹಿಡಿದಳು.